ಒಂಟಾರಿಯೊ: ವೈದ್ಯರಿದ್ದೂ ವೈದ್ಯರಿಲ್ಲ

ಕೆನಡಾದ ಅತಿ ಹೆಚ್ಚು ಜನಸಂಖ್ಯೆಯ ಪ್ರಾಂತ್ಯವಾದ ಒಂಟಾರಿಯೊದಲ್ಲಿ ಸುಮಾರು 25 ಲಕ್ಷ ಮಂದಿಗೆ ಕುಟುಂಬ ವೈದ್ಯರಿಲ್ಲ ಎಂದು ಅಲ್ಲಿನ ಕುಟುಂಬ ವೈದ್ಯರ ಸಂಘಟನೆ 2024ರಲ್ಲಿ ಅಂದಾಜಿಸಿತ್ತು. ಬೆಂಗಳೂರಿನವರಿಗೆ ಇದರ ಗಾಂಭೀರ್ಯ ತಕ್ಷಣ ತಿಳಿಯಲಾರದು. ಶುಲ್ಕ ತೆತ್ತು ನೇರವಾಗಿ ಹೃದ್ರೋಗ ತಜ್ಞರ ಮುಂದೆ ಕೂರುವ ಪದ್ಧತಿ ಅಲ್ಲಿಲ್ಲ. ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ, ನಿಜ. ಆದರೆ ತಜ್ಞರನ್ನು ಕಾಣಲು ಸಾಮಾನ್ಯವಾಗಿ ಕುಟುಂಬ ವೈದ್ಯರ ಶಿಫಾರಸು ಬೇಕು. ಆ ವೈದ್ಯರೇ ಇಲ್ಲದವರಿಗೆ ಉಳಿಯುವುದು ತುರ್ತು ಚಿಕಿತ್ಸಾ ಘಟಕದ ಸರತಿ ಸಾಲು.

ವಿಪರ್ಯಾಸವೆಂದರೆ, ಹೊರದೇಶಗಳಲ್ಲಿ ವೈದ್ಯ ಪದವಿ ಪಡೆದೂ ವೃತ್ತಿ ನಡೆಸಲಾಗದವರು ಇದೇ ಪ್ರಾಂತ್ಯದಲ್ಲಿದ್ದಾರೆ. ಪರವಾನಗಿ ನೀಡುವ ಅಧಿಕಾರ ಇರುವುದು 1866ರಿಂದ ಅಸ್ತಿತ್ವದಲ್ಲಿರುವ 'ಕಾಲೇಜ್ ಆಫ್ ಫಿಸಿಷಿಯನ್ಸ್ ಆಂಡ್ ಸರ್ಜನ್ಸ್ ಆಫ್ ಒಂಟಾರಿಯೊ' ಸಂಸ್ಥೆಗೆ. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಇಲ್ಲಿ ಪಾಠ ನಡೆಯುವುದಿಲ್ಲ. ನಮ್ಮ ರಾಜ್ಯ ವೈದ್ಯಕೀಯ ಪರಿಷತ್ತಿನಂತೆ ನೋಂದಣಿ, ದೂರು, ಶಿಸ್ತುಕ್ರಮಗಳೇ ಇದರ ಕೆಲಸ. ವೈದ್ಯರ ಶುಲ್ಕಕ್ಕಾಗಿ ಸರ್ಕಾರದೊಡನೆ ಚೌಕಾಸಿ ನಡೆಸುವುದು ಒಂಟಾರಿಯೊ ಮೆಡಿಕಲ್ ಅಸೋಸಿಯೇಷನ್ ಎಂಬ ಬೇರೆಯೇ ಸಂಸ್ಥೆ. ಇವೆರಡನ್ನೂ ಪ್ರತ್ಯೇಕವಾಗಿಟ್ಟಿರುವುದು ಅನುಕರಣೀಯ.

ಆದರೆ ನಿಜವಾದ ಇಕ್ಕಟ್ಟು ಪರವಾನಗಿಗಿಂತ ಮೊದಲೇ ಎದುರಾಗುತ್ತದೆ. ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಎಂಬಿಬಿಎಸ್ ಮುಗಿಸಿ ವಲಸೆ ಹೋದ ಯುವ ವೈದ್ಯರು ಕೆನಡಾದ ಅರ್ಹತಾ ಪರೀಕ್ಷೆ ಗೆದ್ದರಷ್ಟೇ ಸಾಲದು, ರೆಸಿಡೆನ್ಸಿ ತರಬೇತಿಯ ಸ್ಥಾನವನ್ನೂ ಗಿಟ್ಟಿಸಬೇಕು. ಈ ಸ್ಥಾನಗಳ ಸಂಖ್ಯೆ ನಿರ್ಧರಿಸುವುದು ಸರ್ಕಾರದ ಅನುದಾನ. ಅಂದರೆ ಕೊರತೆಯ ಬಗ್ಗೆ ಮರುಗುವವರ ಕೈಯಲ್ಲೇ ಕೀಲಿಕೈ ಇದೆ.

2025ರ ಅಕ್ಟೋಬರಿನಲ್ಲಿ ಈ ಕೀಲಿಕೈ ಮತ್ತಷ್ಟು ಬಿಗಿಯಾಯಿತು. ವಿದೇಶಿ ಪದವೀಧರರು ಮೊದಲ ಸುತ್ತಿನ ಆಯ್ಕೆಗೆ ಅರ್ಹರಾಗಬೇಕಾದರೆ ಒಂಟಾರಿಯೊದ ಪ್ರೌಢಶಾಲೆಯಲ್ಲಿ ಕನಿಷ್ಠ ಎರಡು ವರ್ಷ ಓದಿರಬೇಕೆಂಬ ನಿಯಮ ಹೊರಬಿತ್ತು. ಅದೂ ಅರ್ಜಿ ಸಲ್ಲಿಕೆಯ ಹೊತ್ತಿನಲ್ಲಿ! ಸ್ಥಳೀಯರಿಗೆ ಆದ್ಯತೆ ನೀಡುವುದು ತಪ್ಪಲ್ಲ. ಆದರೆ ಹದಿಹರೆಯದಲ್ಲಿ ಎಲ್ಲಿ ಓದಿದರೆಂಬುದು ವೈದ್ಯರ ಸಾಮರ್ಥ್ಯಕ್ಕೆ ಅಳತೆಗೋಲಾಗದು. ವಯಸ್ಕರಾಗಿ ವಲಸೆ ಬಂದು, ಅಲ್ಲಿಯೇ ನೆಲೆಸಿ, ಪೌರತ್ವ ಪಡೆದವರೂ ಈ ನಿಯಮದಿಂದ ಹೊರಗುಳಿಯುತ್ತಿದ್ದರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಸರ್ಕಾರ ಹಿಂದೆ ಸರಿಯಿತು.

ವಿವೇಕದ ದಾರಿಯೊಂದು ಇಲ್ಲದಿಲ್ಲ. ವಿದೇಶಗಳಲ್ಲಿ ಈಗಾಗಲೇ ಸ್ನಾತಕೋತ್ತರ ತರಬೇತಿ ಪಡೆದು ವೃತ್ತಿ ನಡೆಸಿದವರಿಗಾಗಿ 2023ರಲ್ಲಿ 'ಪ್ರಾಕ್ಟೀಸ್ ರೆಡಿ ಒಂಟಾರಿಯೊ' ಯೋಜನೆ ಆರಂಭವಾಯಿತು. ರೆಸಿಡೆನ್ಸಿಯನ್ನು ಮತ್ತೆ ಮಾಡಬೇಕಿಲ್ಲ. 12 ವಾರ ಕೆಲಸದ ಸ್ಥಳದಲ್ಲಿಯೇ ಮೌಲ್ಯಮಾಪನ, ಬಳಿಕ ಗ್ರಾಮೀಣ ಹಾಗೂ ಉತ್ತರದ ಪ್ರದೇಶಗಳಲ್ಲಿ 3 ವರ್ಷ ಕಡ್ಡಾಯ ಸೇವೆ. ವೈದ್ಯರು ಹೋಗಲೊಪ್ಪದ ಊರುಗಳಿಗೆ ಇದರಿಂದ ವೈದ್ಯರು ದೊರೆಯುತ್ತಾರೆ.

ಹೊಸ ಕಾಲೇಜುಗಳ ಮೇಲೂ ಸರ್ಕಾರ ಭರವಸೆ ಇಟ್ಟಿದೆ. ಭಾರತೀಯ ಮೂಲದವರು ದೊಡ್ಡ ಸಂಖ್ಯೆಯಲ್ಲಿರುವ ಬ್ರಾಂಪ್ಟನ್ನಿನಲ್ಲಿ ಟೊರಾಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 2025ರ ಸೆಪ್ಟೆಂಬರಿನಲ್ಲಿ 94 ವಿದ್ಯಾರ್ಥಿಗಳ ಮೊದಲ ತಂಡದೊಂದಿಗೆ ತೆರೆಯಿತು. ಪದವಿಗೆ ನಾಲ್ಕು ವರ್ಷ, ಕುಟುಂಬ ವೈದ್ಯಕೀಯ ತರಬೇತಿಗೆ ಮತ್ತೆರಡು ವರ್ಷ. ಆ ತಂಡದಿಂದ ಕುಟುಂಬ ವೈದ್ಯರು ಹೊರಬರುವುದು 2031ರಲ್ಲಿ. ಪ್ರಾಂತ್ಯದ ಎಲ್ಲರಿಗೂ ಪ್ರಾಥಮಿಕ ಚಿಕಿತ್ಸೆ ಒದಗಿಸಲು ಸರ್ಕಾರ ತನಗೆ ತಾನೇ ವಿಧಿಸಿಕೊಂಡಿರುವ ಗಡುವು 2029.