ಪೆಟ್ಟಿಗೆ ನಮ್ಮದು, ಬಾಗಿಲ ಕೀಲಿಕೈ ಯಾರದು?

2025ರ ಏಪ್ರಿಲ್ 21ರಂದು ಭಾರತೀಯ ಸ್ಪರ್ಧಾ ಆಯೋಗವು ಗೂಗಲ್ ಸಂಸ್ಥೆಯ ವಿರುದ್ಧದ ಪ್ರಕರಣವೊಂದನ್ನು ರಾಜಿಯ ಮೂಲಕ ಇತ್ಯರ್ಥಗೊಳಿಸಿತು. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಒಂದು ದಿನ ಕಾಣಿಸಿಕೊಂಡು ಮರೆಯಾದ ಈ ಸುದ್ದಿಯು ದೊಡ್ಡ ಕಂಪೆನಿಗಳ ನಡುವಣ ವ್ಯವಹಾರವೆಂದು ಬಹುಪಾಲು ಓದುಗರ ಗಮನದಿಂದ ಜಾರಿಹೋಗಿರಬಹುದು. ಆದರೆ ಆ ಪ್ರಕರಣದ ವಸ್ತುವು ನಮ್ಮ ಮನೆಗಳ ಚಾವಡಿಯಲ್ಲಿ, ಸಂಜೆಯ ಜಪಸರಕ್ಕೆ ಕುಟುಂಬವು ಸೇರುವ ಅದೇ ಕೋಣೆಯಲ್ಲಿ ಇದೆ. ಅಂತರಜಾಲಕ್ಕೆ ಜೋಡಿಸಲ್ಪಟ್ಟ ಟಿ.ವಿ. ಪೆಟ್ಟಿಗೆಯೇ ಅದು.

ಪ್ರಕರಣದ ಸಾರ ಇಷ್ಟು. ಇಂದು ಮಾರಾಟವಾಗುವ ‘ಸ್ಮಾರ್ಟ್ ಟಿ.ವಿ.’ ಎಂಬುದು ದೊಡ್ಡ ಪರದೆಯುಳ್ಳ ಒಂದು ಗಣಕಯಂತ್ರ. ಅನೇಕ ತಯಾರಕರ ಪೆಟ್ಟಿಗೆಗಳನ್ನು ನಡೆಸುವ ತಂತ್ರಾಂಶ ಗೂಗಲಿನ ಆಂಡ್ರಾಯ್ಡ್. ಅದಕ್ಕೆ ಬೇಕಾದ ‘ಪ್ಲೇ ಸ್ಟೋರ್’ ಪಡೆಯಬಯಸುವ ತಯಾರಕನು ಗೂಗಲಿನ ಇತರ ಆಪ್‌ಗಳನ್ನೂ ಒಟ್ಟಾಗಿ ಸ್ವೀಕರಿಸಿ, ಅವುಗಳಿಗೆ ನಿಗದಿತ ಸ್ಥಾನ ನೀಡಬೇಕೆಂಬ ಷರತ್ತು ನ್ಯಾಯಯುತವಲ್ಲವೆಂಬುದು ದೂರಾಗಿತ್ತು. 2021ರ ಜೂನ್‌ನಲ್ಲಿ ತನಿಖೆಗೆ ಆದೇಶವಾಯಿತು. ರಾಜಿಯ ಪ್ರಕಾರ ಗೂಗಲ್ ಸಂಸ್ಥೆಯು 20.24 ಕೋಟಿ ರೂಪಾಯಿ ತೆರಲು ಒಪ್ಪಿತು. ಜತೆಗೆ ಭಾರತದ ಆಂಡ್ರಾಯ್ಡ್ ಟಿ.ವಿ.ಗಳಿಗೆ ಪ್ಲೇ ಸ್ಟೋರ್ ಸೇವೆಯನ್ನು ಇತರ ಆಪ್‌ಗಳ ಹೊರೆಯಿಲ್ಲದೆ, ಪ್ರತ್ಯೇಕ ಶುಲ್ಕಕ್ಕೆ ಒದಗಿಸಲು ಸಮ್ಮತಿಸಿತು.

ಟಿ.ವಿ.ಯನ್ನು ಹಚ್ಚಿದಾಗ ಮೊದಲು ಮೂಡುವ ಪುಟದಲ್ಲಿ ಯಾವ ಚಿತ್ರಿಕೆ ಎಲ್ಲಿರಬೇಕೆಂಬ ವಿಷಯವು ಇಷ್ಟು ದೊಡ್ಡ ವ್ಯಾಜ್ಯವೇಕಾಗಬೇಕು? ಆ ಪುಟದ ಮೇಲೆ ಹಿಡಿತವುಳ್ಳವನಿಗೆ ಕೋಟ್ಯಂತರ ಕುಟುಂಬಗಳ ಸಂಜೆಯ ಮೇಲೆ ಒಂದು ಬಗೆಯ ಹಿಡಿತವಿದೆ. ಆದ್ದರಿಂದ ಈ ಸಾಧನಗಳು ಅಂತರಜಾಲದ ವಿಡಿಯೊವನ್ನು ನಮ್ಮ ಮನೆಗೆ ಹೇಗೆ ತರುತ್ತವೆ ಎಂಬುದನ್ನು ಕುಟುಂಬದ ಹಿರಿಯರು ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.

ಪ್ರಸಾರದಿಂದ ಬೇಡಿಕೆಗೆ

ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ದೂರದರ್ಶನದ ಪ್ರಸಾರ ಆರಂಭವಾದಂದಿನಿಂದ ಹಲವು ದಶಕಗಳ ಕಾಲ ಟಿ.ವಿ. ಪೆಟ್ಟಿಗೆಯು ಕೇವಲ ಗ್ರಾಹಕ ಯಂತ್ರವಾಗಿತ್ತು. ಪ್ರಸಾರ ಗೋಪುರವು ಮಳೆಯಂತೆ ಎಲ್ಲರ ಮೇಲೂ ಒಂದೇ ಕಾರ್ಯಕ್ರಮವನ್ನು ಸುರಿಸುತ್ತಿತ್ತು. ಮಾಡಿನ ಮೇಲಿನ ಆಂಟೆನಾ ಅದನ್ನು ಹಿಡಿಯುತ್ತಿತ್ತು. ಯಾವ ಮನೆಯಲ್ಲಿ ಯಾರು ಏನನ್ನು ನೋಡಿದರೆಂಬುದು ಗೋಪುರಕ್ಕೆ ತಿಳಿಯುತ್ತಿರಲಿಲ್ಲ.

ಅಂತರಜಾಲದ ವಿಡಿಯೊ ಇದಕ್ಕೆ ವ್ಯತಿರಿಕ್ತ. ಇಲ್ಲಿ ಪೆಟ್ಟಿಗೆಯೇ ಮುಂದಾಗಿ ಬೇಡಿಕೆ ಸಲ್ಲಿಸಬೇಕು. ದೂರದ ಸರ್ವರ್ ಯಂತ್ರವು ಬೇಡಿದವರ ಖಾತೆ ಯಾವುದು, ಹಣ ಸಂದಾಯವಾಗಿದೆಯೆ, ಆ ಸಾಧನಕ್ಕೆ ಅನುಮತಿಯಿದೆಯೆ ಎಂದು ಪರಿಶೀಲಿಸಿ, ಬಳಿಕ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕಳುಹಿಸುತ್ತದೆ. ಪ್ರತಿಯೊಂದು ತುಣುಕಿಗೂ ಬೇರೆ ಬೇರೆ ಗುಣಮಟ್ಟದ ಪ್ರತಿಗಳಿರುತ್ತವೆ. ಸಂಪರ್ಕ ನಿಧಾನವಾದಾಗ ಪೆಟ್ಟಿಗೆಯು ಕಡಿಮೆ ಗುಣಮಟ್ಟದ ಪ್ರತಿಯನ್ನು ಕೇಳಿ ಪಡೆಯುತ್ತದೆ. ಚಿತ್ರವು ಇದ್ದಕ್ಕಿದ್ದಂತೆ ಮಸುಕಾಗಿ ಮತ್ತೆ ತಿಳಿಯಾಗುವುದು ಇದರಿಂದಲೇ. ನೆಟ್‌ಫ್ಲಿಕ್ಸ್ ಸಂಸ್ಥೆಯೇ ಕೊಡುವ ಲೆಕ್ಕದಂತೆ ಎಚ್.ಡಿ. ಚಿತ್ರಕ್ಕೆ ಗಂಟೆಗೆ 3 ಜಿ.ಬಿ.ಯವರೆಗೆ, ಅತ್ಯುನ್ನತ ಗುಣಮಟ್ಟದ ಚಿತ್ರಕ್ಕೆ 7 ಜಿ.ಬಿ.ಯವರೆಗೆ ಡೇಟಾ ವ್ಯಯವಾಗುತ್ತದೆ.

ಈ ಬೇಡಿಕೆಯನ್ನು ಸಲ್ಲಿಸುವ ಸಾಧನಗಳು ಹಲವು. ಟಿ.ವಿ.ಯೊಳಗೇ ಅಡಕವಾದ ಆಪ್‌ಗಳು, ಹಿಂಬದಿಯ ರಂಧ್ರಕ್ಕೆ ಸಿಕ್ಕಿಸುವ ಬೆರಳುದ್ದದ ಸ್ಟಿಕ್, ಕೇಬಲ್ ಅಥವಾ ಫೈಬರ್ ಸಂಪರ್ಕದವರು ಕೊಡುವ ಸೆಟ್ ಟಾಪ್ ಬಾಕ್ಸ್, ಮಕ್ಕಳ ಆಟದ ಯಂತ್ರ ಇವೆಲ್ಲವೂ ಆ ಕೆಲಸ ಮಾಡಬಲ್ಲವು. ಮೊಬೈಲಿನಲ್ಲಿ ಕಂಡದ್ದನ್ನು ಟಿ.ವಿ.ಗೆ ‘ಕಾಸ್ಟ್’ ಮಾಡುವಾಗ ಚಿತ್ರವು ಮೊಬೈಲಿನಿಂದಲೇ ಹರಿದು ಬರುತ್ತದೆಂದು ಹಲವರ ತಿಳಿವಳಿಕೆ. ಸಾಮಾನ್ಯವಾಗಿ ಹಾಗಲ್ಲ. ಮೊಬೈಲು ವಿಡಿಯೊದ ವಿಳಾಸವನ್ನಷ್ಟೇ ಹೇಳುತ್ತದೆ, ಟಿ.ವಿ.ಗೆ ಜೋಡಿಸಿದ ಸಾಧನವು ಅದನ್ನು ನೇರವಾಗಿ ಅಂತರಜಾಲದಿಂದ ತರಿಸಿಕೊಳ್ಳುತ್ತದೆ. ಮೊಬೈಲನ್ನು ಎತ್ತಿಟ್ಟರೂ ಚಿತ್ರ ಮುಂದುವರಿಯುವುದು ಇದೇ ಕಾರಣಕ್ಕೆ.

ಸಾಧನ ಯಾವುದೇ ಇರಲಿ, ಮೂಲ ವ್ಯತ್ಯಾಸ ಒಂದೇ. ಅಂದು ಪೆಟ್ಟಿಗೆ ಸ್ವೀಕರಿಸುತ್ತಿತ್ತು, ಇಂದು ಬೇಡುತ್ತದೆ. ಬೇಡುವವನು ತನ್ನ ಗುರುತನ್ನು ಹೇಳಲೇಬೇಕು, ಕೊಡುವವನು ನಿರಾಕರಿಸಲೂಬಹುದು. ಮುಂದಿನ ಎಲ್ಲ ಪ್ರಶ್ನೆಗಳೂ ಈ ಒಂದು ಬದಲಾವಣೆಯಿಂದ ಹುಟ್ಟುತ್ತವೆ.

ನಾವು ಕೊಂಡದ್ದೇನು?

ನೋಡಲಾರದ ಕಣ್ಣು ಹೆಸರಿಗೆ ಮಾತ್ರ ಕಣ್ಣು ಎಂಬುದು ಅರಿಸ್ಟಾಟಲನ ವಿಚಾರ. ವಸ್ತುವಿನ ಸ್ವರೂಪವು ಅದರ ದ್ರವ್ಯದಲ್ಲಿ ಮಾತ್ರವಲ್ಲ, ಅದು ಮಾಡುವ ಕಾರ್ಯದಲ್ಲಿದೆ. ಈ ಅಳತೆಗೋಲನ್ನು ನಮ್ಮ ಟಿ.ವಿ.ಗೆ ಹಿಡಿದು ನೋಡೋಣ. ಗಾಜು, ಲೋಹ, ಪ್ಲಾಸ್ಟಿಕ್ಕುಗಳನ್ನು ನಾವು ಹಣಕೊಟ್ಟು ಕೊಂಡಿದ್ದೇವೆ. ಆದರೆ ಅಂತರಜಾಲದ ವಿಡಿಯೊವನ್ನು ತೋರಿಸುವ ಅದರ ಕಾರ್ಯವು ಅನ್ಯರು ದಿನದಿನವೂ ಉಳಿಸಿಕೊಳ್ಳಬೇಕಾದ ಒಪ್ಪಂದದ ಮೇಲೆ ನಿಂತಿದೆ.

ಇದು ತರ್ಕದ ಮಾತಷ್ಟೇ ಅಲ್ಲವೆಂಬುದಕ್ಕೆ ಮೂರು ನಿದರ್ಶನಗಳನ್ನು ಕೊಡಬಹುದು. 2015ರ ಅಕ್ಟೋಬರಿನಲ್ಲಿ ಅಮೆಜಾನ್ ಸಂಸ್ಥೆಯು ಗೂಗಲಿನ ಕ್ರೋಮ್‌ಕಾಸ್ಟನ್ನು ತನ್ನ ಮಳಿಗೆಯಿಂದ ಕೈಬಿಡುವುದಾಗಿ ಪ್ರಕಟಿಸಿತು. ಮನಸ್ತಾಪ ಬೆಳೆದು, 2018ರ ಹೊಸ ವರ್ಷದ ಹೊತ್ತಿಗೆ ಗೂಗಲ್ ತನ್ನ ಯೂಟ್ಯೂಬ್ ಆಪ್ ಅನ್ನು ಅಮೆಜಾನಿನ ಫೈರ್ ಟಿ.ವಿ. ಸಾಧನಗಳಿಂದ ಹಿಂತೆಗೆಯಿತು. ಅದು ಮರಳಿದ್ದು 2019ರ ಜುಲೈಯಲ್ಲಿ. ಎರಡು ಕಂಪೆನಿಗಳ ಜಗಳಕ್ಕೆ ದಂಡ ತೆತ್ತವರು ಎರಡರ ಗ್ರಾಹಕರೂ ಆಗಿದ್ದ ಕುಟುಂಬಗಳು. ಎರಡನೆಯದಾಗಿ, 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಕೆಲವು ಹಳೆಯ ಟಿ.ವಿ.ಗಳಿಗೂ ಸಾಧನಗಳಿಗೂ ತನ್ನ ಸೇವೆಯನ್ನು ನಿಲ್ಲಿಸಿತು. ಅವುಗಳ ಪರದೆಗೆ ಯಾವ ದೋಷವೂ ಇರಲಿಲ್ಲ. ಮೂರನೆಯದು ಇನ್ನೂ ವಿಚಿತ್ರ. 2025ರ ಮಾರ್ಚ್ 9ರ ಸುಮಾರಿಗೆ ಎರಡನೆಯ ಪೀಳಿಗೆಯ ಕ್ರೋಮ್‌ಕಾಸ್ಟ್‌ಗಳು ಜಗತ್ತಿನಾದ್ಯಂತ ಒಮ್ಮೆಗೇ ಕೆಲಸ ನಿಲ್ಲಿಸಿದವು. ಸಾಧನದ ನೈಜತೆಯನ್ನು ಪ್ರಮಾಣೀಕರಿಸುವ ವಿದ್ಯುನ್ಮಾನ ಪತ್ರವೊಂದರ ಅವಧಿ ಮುಗಿದಿತ್ತು, ಅದನ್ನು ನವೀಕರಿಸಿರಲಿಲ್ಲ. ಕೆಲವು ದಿನಗಳ ಬಳಿಕ ಗೂಗಲ್ ಅದನ್ನು ಸರಿಪಡಿಸಿತು. ಅಷ್ಟರವರೆಗೆ ಆ ಸಾಧನಗಳು ಅರಿಸ್ಟಾಟಲನ ಅರ್ಥದಲ್ಲಿ ಹೆಸರಿಗೆ ಮಾತ್ರ ಇದ್ದವು.

ಹಣ ತೆತ್ತ ಸೇವೆಯ ನಿಬಂಧನೆಗಳೂ ಇದೇ ರೀತಿ ಬದಲಾಗುತ್ತವೆ. ಪ್ರೈಮ್ ವಿಡಿಯೊ ಸೇವೆಗೆ ಚಂದಾ ಕೊಟ್ಟ ಭಾರತೀಯರು 2025ರ ಜೂನ್ 17ರಿಂದ ಜಾಹೀರಾತುಗಳನ್ನೂ ನೋಡಬೇಕಾಯಿತು. ಬೇಡವೆಂದವರು ಹೆಚ್ಚುವರಿ ಹಣ ತೆರಬೇಕಾಯಿತು.

ನೋಡುವವರನ್ನು ನೋಡುವ ಪೆಟ್ಟಿಗೆ

ಅಮೆರಿಕದ ವಿಜಿಯೊ ಎಂಬ ಟಿ.ವಿ. ತಯಾರಕ ಸಂಸ್ಥೆಯು 1.1 ಕೋಟಿ ಟಿ.ವಿ.ಗಳಲ್ಲಿ ಜನರು ಏನು ನೋಡುತ್ತಿದ್ದಾರೆಂಬುದನ್ನು ಕ್ಷಣಕ್ಷಣಕ್ಕೂ, ಅವರ ಸಮ್ಮತಿಯಿಲ್ಲದೆ ಸಂಗ್ರಹಿಸಿತೆಂಬುದು ಅಲ್ಲಿನ ಸರಕಾರಿ ವಾಣಿಜ್ಯ ಆಯೋಗದ ಆರೋಪವಾಗಿತ್ತು. 2017ರ ಫೆಬ್ರುವರಿಯಲ್ಲಿ ಆ ಸಂಸ್ಥೆಯು 22 ಲಕ್ಷ ಡಾಲರ್ ತೆತ್ತು ಪ್ರಕರಣವನ್ನು ಮುಗಿಸಿಕೊಂಡಿತು. ಇದರ ಹಿಂದಿರುವ ತಂತ್ರ ಸರಳ. ಪರದೆಯ ಮೇಲಿನ ಚಿತ್ರದಿಂದ ಪೆಟ್ಟಿಗೆಯು ಬೆರಳಚ್ಚಿನಂಥ ಗುರುತೊಂದನ್ನು ತೆಗೆದು ಕಂಪೆನಿಗೆ ಕಳುಹಿಸುತ್ತದೆ. ಅಲ್ಲಿ ದೊಡ್ಡ ಭಂಡಾರದೊಂದಿಗೆ ಹೋಲಿಸಿ ನೋಡಿ, ಕಾರ್ಯಕ್ರಮ ಯಾವುದೆಂದು ತಿಳಿಯುತ್ತಾರೆ. ಸ್ಯಾಮ್‌ಸಂಗ್ ಮತ್ತು ಎಲ್.ಜಿ. ಟಿ.ವಿ.ಗಳನ್ನು ಕುರಿತು 2024ರಲ್ಲಿ ಪ್ರಕಟವಾದ ವಿಶ್ವವಿದ್ಯಾನಿಲಯಗಳ ಅಧ್ಯಯನವೊಂದು, ಟಿ.ವಿ.ಯನ್ನು ಬೇರೊಂದು ಯಂತ್ರದ ಪರದೆಯಾಗಿ ಮಾತ್ರ ಬಳಸುವಾಗಲೂ ಈ ಗುರುತು ಹಿಡಿಯುವ ಕಾರ್ಯ ನಡೆಯಬಲ್ಲುದೆಂದು ತೋರಿಸಿತು. ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸಿದಾಗ ಆ ರವಾನೆ ನಿಂತಿತೆಂಬುದನ್ನೂ ಅದೇ ಅಧ್ಯಯನ ಕಂಡುಕೊಂಡಿತು. ಹೊಸ ಟಿ.ವಿ.ಯನ್ನು ಮೊದಲ ಬಾರಿ ಹಚ್ಚಿದಾಗ ‘ಒಪ್ಪಿಗೆ’ ಎಂದು ಒಂದರ ಮೇಲೊಂದು ಒತ್ತುತ್ತ ಹೋಗುವ ಕೈಗಳು ಇದನ್ನು ಗಮನಿಸಬೇಕು.

ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು. ಅವುಗಳ ಪ್ರಮುಖ ಬಾಧ್ಯತೆಗಳು ಜಾರಿಗೆ ಬರಲು 18 ತಿಂಗಳ ಅವಧಿಯನ್ನು ಇಡಲಾಯಿತು. 18 ವರ್ಷದೊಳಗಿನವರ ದತ್ತಾಂಶಕ್ಕೆ ಹೆತ್ತವರ ಸಮ್ಮತಿ ಬೇಕು, ಅವರ ನಡವಳಿಕೆಯ ಜಾಡು ಹಿಡಿಯಬಾರದು, ಅವರನ್ನು ಗುರಿಯಾಗಿಸಿ ಜಾಹೀರಾತು ಕೊಡಬಾರದು ಎಂಬುದು ಕಾಯಿದೆಯ ಆಶಯ. ಆಶಯ ಶ್ಲಾಘನೀಯ. ಆದರೆ ಕಾನೂನು ಮಗುವನ್ನು ಒಬ್ಬ ವ್ಯಕ್ತಿಯೆಂದು ಕಾಣುತ್ತದೆ; ಟಿ.ವಿ. ಕಾಣುವುದು ಮನೆಯ ಒಂದು ಖಾತೆಯನ್ನು. ತಂದೆಯ ಹೆಸರಿನ ಖಾತೆಯಲ್ಲಿ ಅಜ್ಜಿ ಭಕ್ತಿಗೀತೆ ಕೇಳುತ್ತಾರೆ, ಮಗ ಫುಟ್‌ಬಾಲ್ ನೋಡುತ್ತಾನೆ, ಐದು ವರ್ಷದ ಮೊಮ್ಮಗಳು ಬೊಂಬೆಚಿತ್ರ ನೋಡುತ್ತಾಳೆ. ಯಾರು ನೋಡುತ್ತಿದ್ದಾರೆಂದು ನಾವು ಹೇಳದ ಹೊರತು ಪೆಟ್ಟಿಗೆಗೆ ಇವರೆಲ್ಲರೂ ಆ ತಂದೆಯೇ.

ವಯೋಮಾನದ ವರ್ಗೀಕರಣದಲ್ಲಿಯೂ ಇಂಥ ಬಿರುಕಿದೆ. 2021ರ ಫೆಬ್ರುವರಿ 25ರ ನಿಯಮಗಳಂತೆ ಚಲನಚಿತ್ರ, ಧಾರಾವಾಹಿಗಳ ಅಂತರಜಾಲ ವೇದಿಕೆಗಳು ತಮ್ಮ ಸಾಮಗ್ರಿಯನ್ನು ಎಲ್ಲರಿಗೂ ಸಲ್ಲುವುದು, 7+, 13+, 16+ ಹಾಗೂ ವಯಸ್ಕರಿಗೆ ಮಾತ್ರ ಎಂದು ತಾವೇ ವಿಂಗಡಿಸಬೇಕು. 13+ ಮತ್ತು ಮೇಲಿನವುಗಳಿಗೆ ಹೆತ್ತವರ ಬೀಗವನ್ನು ಒದಗಿಸಬೇಕು. ಬೀಗವನ್ನು ಒದಗಿಸುವುದು ಅವರ ಹೊಣೆ. ಹಾಕುವುದು ನಮ್ಮ ಹೊಣೆ. ಇದಲ್ಲದೆ, ಬಳಕೆದಾರರೇ ಏರಿಸುವ ಯೂಟ್ಯೂಬ್ ಮಾದರಿಯ ವಿಡಿಯೊಗಳಿಗೆ ಈ ವಿಂಗಡಣೆಯು ಅನ್ವಯಿಸುವುದಿಲ್ಲ. ಎಳೆಯ ಮಕ್ಕಳು ಹೆಚ್ಚು ಕಾಲ ಕಳೆಯುವುದು ಬಹಳಷ್ಟು ಮನೆಗಳಲ್ಲಿ ಅಲ್ಲಿಯೇ.

ಒಳಿತನ್ನು ಮರೆಯದಿರೋಣ

ಇಷ್ಟನ್ನು ಹೇಳಿದ ಮಾತ್ರಕ್ಕೆ ನಾವು ಈ ಸಾಧನಗಳ ವೈರಿಗಳಲ್ಲ. ಕರಾವಳಿಯ ಅನೇಕ ಮನೆಗಳ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ತಾಯಿಯ ಅಂತ್ಯಕ್ರಿಯೆಗೆ ವಿಮಾನ ಸಿಗದ ಮಗನು ಅಲ್ಲಿನ ಕೋಣೆಯ ಟಿ.ವಿ.ಯಲ್ಲಿ, ಊರಿನ ಇಗರ್ಜಿಯಿಂದ ಸ್ಮಶಾನದವರೆಗೆ ಸಾಗುವ ಮೆರವಣಿಗೆಯನ್ನು ನೋಡಿ ಮೊಣಕಾಲೂರುವುದು ಸಣ್ಣ ಮಾತಲ್ಲ. ಹಾಸಿಗೆ ಹಿಡಿದ ವೃದ್ಧರಿಗೆ ಭಾನುವಾರದ ಬಲಿಪೂಜೆಯನ್ನು ಕಾಣಲು ಬೇರೆ ದಾರಿಯಿಲ್ಲ. ರೋಗಶಯ್ಯೆಯಿಂದಲೇ ಕ್ರಿಸ್ತಜಯಂತಿಯ ಆರಾಧನೆಯನ್ನು ಕಂಡರೆಂಬ ಪರಂಪರೆಯುಳ್ಳ ಅಸ್ಸಿಸಿಯ ಸಂತ ಕ್ಲಾರಾ ಅವರನ್ನು 1950ರ ದಶಕದಲ್ಲಿ 12ನೆಯ ಪಿಯುಸ್ ಜಗದ್ಗುರುಗಳು ಟೆಲಿವಿಷನ್ನಿನ ಪಾಲಕರೆಂದು ಘೋಷಿಸಿದ್ದು ಸುಮ್ಮನೆ ಅಲ್ಲ. ಹಾಗೆಯೇ, 2020ರ ಲಾಕ್‌ಡೌನ್ ಕಾಲದಲ್ಲಿ ತಮ್ಮ ದಿನನಿತ್ಯದ ಪೂಜೆಯನ್ನು ನೇರಪ್ರಸಾರಕ್ಕೆ ಕೊಟ್ಟ ಜಗದ್ಗುರು ಫ್ರಾನ್ಸಿಸ್ ಅವರೇ, ಇದು ಸುರಂಗವನ್ನು ದಾಟುವ ಉಪಾಯವೇ ಹೊರತು ಸುರಂಗದಲ್ಲಿ ನೆಲೆಸುವುದಕ್ಕಲ್ಲವೆಂಬ ಅರ್ಥದಲ್ಲಿ ಎಚ್ಚರಿಸಿದ್ದರು. ನಡೆದು ಬರಬಲ್ಲವರಿಗೆ ಪರದೆಯು ಪೀಠದ ಬದಲಿಯಾಗದು.

ಆದುದರಿಂದ ಕುಟುಂಬಗಳು ಮಾಡಬೇಕಾದುದು ಬಹಿಷ್ಕಾರವಲ್ಲ, ಯಜಮಾನಿಕೆ. ಹೊಸ ಟಿ.ವಿ. ಕೊಳ್ಳುವಾಗ ಅದರ ತಂತ್ರಾಂಶಕ್ಕೆ ಎಷ್ಟು ವರ್ಷಗಳ ನವೀಕರಣ ದೊರೆಯುವುದೆಂದು ಅಂಗಡಿಯಲ್ಲಿ ಕೇಳಬೇಕು. ಇರುವ ಟಿ.ವಿ.ಯ ಆಪ್‌ಗಳು ಹಳತಾದರೆ ಇಡೀ ಪೆಟ್ಟಿಗೆಯನ್ನು ಬದಲಿಸುವ ಅಗತ್ಯವಿಲ್ಲ. ಪರದೆ ಚೆನ್ನಾಗಿದ್ದರೆ ಒಂದು ಸ್ಟಿಕ್ ಸಾಕು. ಸೆಟ್ಟಿಂಗ್‌ನಲ್ಲಿ ವೀಕ್ಷಣೆಯ ಮಾಹಿತಿ, ಜಾಹೀರಾತು ಎಂಬ ಹೆಸರುಗಳಡಿ ಇರುವ ಸಮ್ಮತಿಗಳನ್ನು ಓದಿ, ಬೇಡದವನ್ನು ನಿಲ್ಲಿಸಬೇಕು. ಮಕ್ಕಳಿಗೆ ಪ್ರತ್ಯೇಕ ಪ್ರೊಫೈಲ್ ಮಾಡಿ, ದೊಡ್ಡವರದಕ್ಕೆ ಗುಪ್ತಸಂಖ್ಯೆಯ ಬೀಗ ಹಾಕಬೇಕು. ಒಂದು ಮುಗಿದೊಡನೆ ಇನ್ನೊಂದು ತಾನಾಗಿ ಆರಂಭವಾಗುವ ವ್ಯವಸ್ಥೆಯನ್ನು ಸಾಧ್ಯವಿರುವಲ್ಲಿ ತೆಗೆಯಬೇಕು. ಹಳೆಯ ಸಾಧನವನ್ನು ಮಾರುವ ಅಥವಾ ದಾನ ಮಾಡುವ ಮುನ್ನ ಅದರಲ್ಲಿನ ಖಾತೆಯನ್ನು ಅಳಿಸಬೇಕು. ತಿಂಗಳಿಗೊಮ್ಮೆ ಯಾವ ಯಾವ ಸೇವೆಗಳಿಗೆ ಹಣ ಹೋಗುತ್ತಿದೆಯೆಂದು ಲೆಕ್ಕ ನೋಡಬೇಕು.

ಇದನ್ನೆಲ್ಲ ಮನೆಯ ಹದಿಹರೆಯದ ಹುಡುಗನ ಕೈಗೆ ಬಿಟ್ಟು ಹಿರಿಯರು ನಿಶ್ಚಿಂತರಾಗುವುದು ಇಂದಿನ ರೂಢಿ. ಮಕ್ಕಳು ಒತ್ತುವ ಗುಂಡಿಗಳನ್ನು ಬಲ್ಲರು, ನಿಜ. ಯಾವುದನ್ನು ಒತ್ತಬಾರದೆಂದು ತೀರ್ಮಾನಿಸುವ ಹೊಣೆ ಮಾತ್ರ ತಂದೆತಾಯಿಗಳದು. ಮುಂದಿನ ಭಾನುವಾರ ಊಟದ ಬಳಿಕ ಅರ್ಧ ಗಂಟೆ ಮಕ್ಕಳನ್ನು ಜತೆಗೆ ಕೂರಿಸಿಕೊಂಡು, ಆ ಸೆಟ್ಟಿಂಗ್ ಪುಟಗಳನ್ನು ಒಟ್ಟಾಗಿ ತೆರೆದು ನೋಡಿರೆಂದು ನಾವು ಪ್ರತಿಯೊಂದು ಕುಟುಂಬವನ್ನೂ ಕೇಳಿಕೊಳ್ಳುತ್ತೇವೆ.