ಒಂದು ಸಂಜೆಯ ಒಗ್ಗಟ್ಟು
ಹಳೆಯ ಬ್ಯಾಂಡ್‌ಗಳು ಮತ್ತೆ ಒಂದಾಗಲಿ ಎಂಬ ಅಭಿಮಾನಿಗಳ ಹಂಬಲ ಈ ವಾರವೂ ಕಿವಿಗೆ ಬಿತ್ತು. ನನಗೆ ನೆನಪಾದದ್ದು ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್. 1985ರಲ್ಲಿ ರೋಜರ್ ವಾಟರ್ಸ್ ತಂಡದಿಂದ ಹೊರನಡೆದು, ಅದರ ಹೆಸರಿನ ಜಗಳ ಕೋರ್ಟಿನ ಮೆಟ್ಟಿಲೇರಿದಾಗಲೂ ತಂಡವನ್ನು ಉಳಿಸಿಕೊಂಡ ಗಿಟಾರ್ ವಾದಕ ಅವರು. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ, ಬಡತನದ ವಿರುದ್ಧದ ‘ಲೈವ್ 8’ ಕಛೇರಿಗಾಗಿ ವಾಟರ್ಸ್ ಸೇರಿ ತಂಡದ ನಾಲ್ವರೂ ಮತ್ತೆ ಜೊತೆಯಾದರು, ಪಾಲಾದ ಅಣ್ಣತಮ್ಮಂದಿರು ಊರ ತೇರಿನ ಹಗ್ಗಕ್ಕೆ ಒಟ್ಟಾಗಿ ಕೈಹಚ್ಚಿದಂತೆ. ‘ಕಂಫರ್ಟಬ್ಲಿ ನಂಬ್’ ಹಾಡಿನಲ್ಲಿ ಗಿಲ್ಮೋರ್ ಎಳೆದ ಸ್ವರಗಳಿಗೆ ಹಳೆಯ ಕಸುವೇ ಇತ್ತು. ಆದರೂ ಅವರು ಒಟ್ಟಾಗಿ ಕಛೇರಿ ಪ್ರವಾಸ ಬೇಡವೆಂದರು. ಕಛೇರಿಯಿಂದಾಗಿ ಏರಿದ ಆಲ್ಬಂ ಮಾರಾಟದಲ್ಲಿ ತಮಗೆ ಬರುವ ಲಾಭವನ್ನು ದಾನಕ್ಕೆ ಮೀಸಲಿಟ್ಟರು. ಅಭಿಮಾನಿಗಳು ನೊಂದರು ನಿಜ, ಆದರೆ ಗಿಲ್ಮೋರ್ ನಿರ್ಧಾರವೇ ಸರಿ. ಒಂದು ಸಂಜೆ ನುಡಿಸಲು ಶ್ರುತಿ ಕೂಡಿದರೆ ಸಾಕು, ವರ್ಷಗಟ್ಟಲೆ ಜೊತೆ ನಡೆಯಲು ಮನಸ್ಸೂ ಕೂಡಬೇಕು. ಬರೀ ಹಣಕ್ಕಾಗಿ ತಂಡ ಜೋಡಿಸುವುದು ಕೇಳುಗರಿಗೆ ಮಾಡುವ ಅನ್ಯಾಯ.