ಹೊಗೆಯ ತಂಪು

ಎಲ್ಲೂರಿನ 1200 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರದಲ್ಲಿ ಉರಿಯುವುದು ಹಡಗೇರಿ ಬಂದ ವಿದೇಶೀ ಕಲ್ಲಿದ್ದಲು. ಯಾವ ಕಲ್ಲಿದ್ದಲಿನಲ್ಲೇ ಆಗಲಿ, ಒಳಗಿನ ಗಂಧಕ ಉರಿದರೆ ಗಂಧಕದ ಡಯಾಕ್ಸೈಡು ಹುಟ್ಟುತ್ತದೆ. ಅದು ಗಾಳಿಯಲ್ಲಿ ಸೂಕ್ಷ್ಮ ಸಲ್ಫೇಟು ಕಣಗಳಾಗಿ ಮಾರ್ಪಡುತ್ತದೆ. ಈ ಕಣಗಳು ಬಿಸಿಲನ್ನು ಚದರಿಸಿ ನೆಲವನ್ನು ತುಸು ತಂಪಾಗಿಸುತ್ತವೆಂಬುದು ದಿಟ. 1991ರಲ್ಲಿ ಫಿಲಿಪೀನ್ಸಿನ ಪಿನಟೂಬೊ ಜ್ವಾಲಾಮುಖಿ ಸಿಡಿದ ಮೇಲೆ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿಯಿತಷ್ಟೆ! ಹಾಗಾದರೆ ಹೊಗೆಯ ಗಂಧಕವನ್ನು ತೆಗೆಯುವುದೇತಕ್ಕೆ ಎಂಬ ವಾದವುಂಟು. ಅದನ್ನು ನಾವು ಒಪ್ಪಲಾರೆವು. ಪಿನಟೂಬೊದ ಕಣಗಳು ಸ್ತರಗೋಳಕ್ಕೇರಿ ವರ್ಷಕ್ಕೂ ಮಿಕ್ಕಿ ನಿಂತವು, ಚಿಮಣಿಯವಾದರೋ ವಾರವೊಂದರ ಆಸುಪಾಸಿನಲ್ಲಿ, ಕರಾವಳಿಯ ಮಳೆಗೆ ಸಿಕ್ಕರೆ ಇನ್ನೂ ಬೇಗ, ಕೆಳಗಿಳಿಯುತ್ತವೆ, ಶ್ವಾಸಕೋಶಗಳಿಗೂ ಇಳಿಯುತ್ತವೆ. ಅದೇ ಚಿಮಣಿಯ ಇಂಗಾಲದ ಡಯಾಕ್ಸೈಡಿನ ಬಿಸಿ ಶತಮಾನಗಳದು. 2015ರಲ್ಲಿ ಗಂಧಕದ ಹೊಗೆಗೆ ಮಿತಿ ವಿಧಿಸಿದ ಕೇಂದ್ರ ಸರ್ಕಾರವೇ 2025ರಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರದಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಯನ್ನು ಹಿಂತೆಗೆಯಬೇಕು; ಕಲ್ಲಿದ್ದಲನ್ನೂ ಕಡಿಮೆ ಮಾಡಬೇಕು.